ಮುಂಬೈ ಐಲ್ಯಾಂಡಿಂಗ್ 2020ರಲ್ಲಿ ಕೈಕೊಟ್ಟದ್ದೇಕೆ?

ಮಾಟುಂಗಾ ಕನ್ನಡಿಗ: ಟ್ರಾಂಬೆ, ಡಹಾಣು ವಿದ್ಯುತ್ ಸ್ಥಾವರಗಳಿದ್ದೂ 2020ರ ಅಕ್ಟೋಬರ್ 12ರಂದು ಕರೆಂಟು ಹೋಗಿ ಲೋಕಲ್ ರೈಲು ಸಮೇತ ಊರೇ ನಿಂತಿತಲ್ಲ? ಗ್ರಿಡ್ ಬಿದ್ದರೆ ಐಲ್ಯಾಂಡಿಂಗ್ ಆಗಿ, ಅಂದರೆ ಮುಂಬೈ ತಾನಾಗಿ ಬೇರ್ಪಟ್ಟು ತನ್ನದೇ ವಿದ್ಯುತ್ತಿನಲ್ಲಿ ಉಳಿಯಬೇಕಿತ್ತು, ಅಲ್ಲವೇ?

ಡೊಂಬಿವಲಿ ರಿಲೇ: ಬೇರ್ಪಟ್ಟರೆ ಸಾಲದು ಮಾರಾಯ್ರೆ, ಒಳಗಿನ ಉತ್ಪಾದನೆಗೂ ಬೇಡಿಕೆಗೂ ಆ ಕ್ಷಣವೇ ತಾಳೆಯಾಗಬೇಕು. ಅಂದು ಹೊರಗಿನಿಂದ ವಿದ್ಯುತ್ ತರುವ ಕಳವಾ–ಪಡಘೆಯ 400 ಕೆವಿ ಲೈನುಗಳು ಹೋದವು. ಕೊರತೆ ಬಿದ್ದರೆ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಸರ್ರನೆ ಇಳಿಯುತ್ತದೆ. ರಿಲೇಗಳು (ತಾವಾಗಿ ಸಂಪರ್ಕ ಕಡಿಸುವ ಸಾಧನಗಳು) ಸಾಕಷ್ಟು ಫೀಡರ್, ಅಂದರೆ ಬಡಾವಣೆಗಳಿಗೆ ಹೋಗುವ ಲೈನು, ಕತ್ತರಿಸದಿದ್ದರೆ ಟರ್ಬೈನ್ ಉಳಿಸಿಕೊಳ್ಳಲು ಘಟಕಗಳೇ ಟ್ರಿಪ್ ಆಗುತ್ತವೆ. ಡಹಾಣುವಿನಲ್ಲಿರುವುದು 250 ಮೆಗಾವ್ಯಾಟಿನ ಎರಡೇ ಘಟಕ. ಒಂದು ಹೋದರೂ ಲೆಕ್ಕ ಕೆಡುತ್ತದೆ.

ಪುಣೆ ಸಬ್‌ಸ್ಟೇಷನ್: ಮತ್ತೆ ಎಬ್ಬಿಸಲು ನೀರು ಸುಲಭದ ದಾರಿ. ಭಿರಾ, ಖೋಪೋಲಿ ಜಲವಿದ್ಯುತ್ ನಿಮಿಷಗಳಲ್ಲಿ ಶುರು. ಕಲ್ಲಿದ್ದಲಿನ ಬಾಯ್ಲರ್ ತಣಿದರೆ ಗಂಟೆಗಟ್ಟಲೆ. ಅದರ ಪಂಪು, ಫ್ಯಾನುಗಳಿಗೇ ಮೊದಲು ಹೊರಗಿನ ಕರೆಂಟು ಬೇಕು!

ಮಾಟುಂಗಾ ಕನ್ನಡಿಗ: ಟೆರೇಸಿನ ಸೋಲಾರ್?

ಡೊಂಬಿವಲಿ ರಿಲೇ: ಬ್ಯಾಟರಿಯಿಲ್ಲದ, ಗ್ರಿಡ್‌ಗೆ ಜೋಡಿಸಿದ (ಆನ್‌ಗ್ರಿಡ್) ಇನ್ವರ್ಟರ್ ಗ್ರಿಡ್ ಹೋದೊಡನೆ ತಾನೂ ಬಂದ್. ಇಲ್ಲದಿದ್ದರೆ ನಿಂತ ಲೈನಿಗೂ ಕರೆಂಟು ಹರಿಯುತ್ತದೆ, ರಿಪೇರಿ ಮಾಡುವ ಲೈನ್‌ಮನ್ ಜೀವ ಉಳಿಯಬೇಕಲ್ಲ.