ಸಹಾಯ ಬೇಕು: ಬಾಡಿಗೆ ಕರಾರಿನ ಪ್ರತಿಗಳು

ನಮಸ್ಕಾರ. ಪುಣೆಯ ಮನೆ, ಜಾಗದ ವಿಷಯ ಕನ್ನಡದಲ್ಲಿ ಬರೆಯುವ ನಮ್ಮ ತಂಡಕ್ಕೆ ಧಾರವಾಡದ ಅಕ್ಕ ಒಬ್ಬರು ಸೇರಿದ್ದಾರೆ. ವಕೀಲರು. ಎಲ್ಲರೂ ಪ್ರೀತಿಯಿಂದ ಬರಮಾಡಿಕೊಳ್ಳಿ.

ಅವರ ಮೊದಲ ಬರಹ ಬಾಡಿಗೆ ಕರಾರಿನ ಮೇಲೆ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು (ಇಷ್ಟು ತಿಂಗಳು ಇರಲು ಮಾಲೀಕರು ಅನುಮತಿ ಕೊಡುವ ಬಾಡಿಗೆ ಕರಾರು) 11 ತಿಂಗಳದ್ದಾದರೂ ನೋಂದಣಿ ಆಗಲೇಬೇಕು. 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನಲ್ಲೇ ಇದೆ, ಮಾಡಿಸುವ ಹೊಣೆ ಮಾಲೀಕರದು. ಊರಿಂದ ಹೊಸದಾಗಿ ಬರುವ ನಮ್ಮ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಅಲ್ವಾ? ಸುಮ್ನೆ ಸ್ಟಾಂಪ್ ಪೇಪರಿಗೆ ಸಹಿ ಹಾಕಿ ಡಿಪಾಸಿಟ್ ಕೊಟ್ಟುಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಹಿಂಜವಡಿ, ವಾಕಡ್, ಹಡಪ್ಸರ್ ಕಡೆ ಬಾಡಿಗೆಗೆ ಇರುವವರು ನಿಮ್ಮ ಕರಾರಿನ ಪ್ರತಿ ಕಳಿಸುತ್ತೀರಾ? ಹೆಸರು, ವಿಳಾಸ, ಆಧಾರ್ ನಂಬರ್ ಅಳಿಸಿಯೇ ಕಳಿಸಿ. ಡಿಪಾಸಿಟ್ ವಾಪಸ್ ಪಡೆಯಲು ಕಷ್ಟಪಟ್ಟವರು ಅದನ್ನೂ ಬರೆಯಿರಿ. ಮರಾಠಿ ಕರಾರು ಓದಿ ಅರ್ಥ ಹೇಳಬಲ್ಲವರು ಒಬ್ಬರು ತುರ್ತಾಗಿ ಬೇಕು.