ಓದುಗರ ಸ್ಪಂದನ: ಪಾಠ ಅರ್ಥವಾಗುತ್ತದೆ, ಲೆಕ್ಕ ಮಾತ್ರ ಬರುವುದಿಲ್ಲ

ಕಳೆದ ಸಂಚಿಕೆಯ ಸಮಸ್ಯೆ: ತೀರ್ಥಹಳ್ಳಿ ಕಡೆಯವಳು, ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಫಿಸಿಕ್ಸ್ ಪಾಠ ಅರ್ಥವಾಗುತ್ತದೆ, ಸೂತ್ರಗಳೂ ಬಾಯಿಪಾಠ. ಹೊಸ ಲೆಕ್ಕ ಕೊಟ್ಟರೆ ಎಲ್ಲಿಂದ ಶುರು ಮಾಡುವುದೆಂದೇ ತೋಚುವುದಿಲ್ಲ. ಏನು ಮಾಡಲಿ?

ಮಗಳೇ, ಸೂತ್ರ ಬಾಯಿಪಾಠ ಇರುವುದೇ ತೊಂದರೆ ಕೊಡುತ್ತಿರಬಹುದು. ಪ್ರಶ್ನೆ ಓದಿದ ಕೂಡಲೇ ಮನಸ್ಸು ಸೂತ್ರ ಹುಡುಕಲು ಓಡುತ್ತದೆ. ಸ್ವಲ್ಪ ತಡೆ, ಮೊದಲು ಚಿತ್ರ ಬರೆ. ಇಳಿಜಾರಿನಲ್ಲಿ ಪೆಟ್ಟಿಗೆ ಜಾರುತ್ತಿದೆ ಅಂದುಕೋ. ಪೆಟ್ಟಿಗೆಯನ್ನಷ್ಟೇ ಬೇರೆ ಬರೆದು, ಅದರ ಮೇಲಿನ ಬಲಗಳಿಗೆ ಬಾಣ ಹಾಕು. ತೂಕ ನೇರ ಕೆಳಕ್ಕೆ, ನಾರ್ಮಲ್ ಬಲ (ಇಳಿಜಾರು ಪೆಟ್ಟಿಗೆಯನ್ನು ತಳ್ಳುವ ಬಲ) ಇಳಿಜಾರಿಗೆ ಲಂಬವಾಗಿ, ಘರ್ಷಣೆ ಜಾರುವ ದಿಕ್ಕಿಗೆ ಎದುರಾಗಿ. ಬಾಣ ಸರಿಯಾಗಿ ಬಿದ್ದರೆ ಅರ್ಧ ಲೆಕ್ಕ ಮುಗಿದ ಹಾಗೆ.

ಸೈನ್ ಹಾಕಬೇಕೋ ಕಾಸ್ ಹಾಕಬೇಕೋ ಎಂಬಲ್ಲಿ ನನ್ನ ತರಗತಿಯ ಮಕ್ಕಳೂ ಎಡವುತ್ತಾರೆ. ಘರ್ಷಣೆ ಇಲ್ಲದಿದ್ದರೆ ಪೆಟ್ಟಿಗೆಯ ವೇಗೋತ್ಕರ್ಷ ಜಿ ಸೈನ್ ಥೀಟಾ. ಜಿ ಅಂದರೆ ಗುರುತ್ವದ ವೇಗೋತ್ಕರ್ಷ, ಥೀಟಾ ಅಂದರೆ ಇಳಿಜಾರಿನ ಕೋನ. ಕೋನ ಸೊನ್ನೆ ಮಾಡಿ ನೋಡು. ನೆಲ ಸಮತಟ್ಟಾಯಿತು, ಪೆಟ್ಟಿಗೆ ಜಾರಬಾರದು. ಸೈನ್ ಹಾಕಿದರೆ ಸೊನ್ನೆಯೇ ಬರುತ್ತದೆ. 90 ಡಿಗ್ರಿ ಮಾಡಿದರೆ ಪೂರ್ತಿ ಜಿ ಬರಬೇಕು, ಅದೂ ಬರುತ್ತದೆ. ಕಾಸ್ ಹಾಕಿದ್ದರೆ ಸಮತಟ್ಟು ನೆಲದಲ್ಲೇ ಪೆಟ್ಟಿಗೆ ಓಡುತ್ತಿತ್ತು!

ಉತ್ತರ ನಂಬುವಂಥದ್ದಾ ಅಂತಲೂ ನೋಡು. ಜೋಗದ ರಾಜ 253 ಮೀಟರ್ ಎತ್ತರ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ನೀರು ಬೀಳಲು ಸುಮಾರು 7.2 ಸೆಕೆಂಡ್ ಬೇಕು. ತಳದಲ್ಲಿ ವೇಗ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿ.ಮೀ. ಮೇಲೆ. ನಿಜವಾಗಿ ಅಷ್ಟಿರುವುದಿಲ್ಲ. ನೀರು ಒಡೆದು ತುಂತುರಾಗುತ್ತದೆ, ಗಾಳಿ ತಡೆಯುತ್ತದೆ. ಗಾಳಿಯ ತಡೆ ನಿರ್ಲಕ್ಷಿಸಿ ಅಂತ ಪ್ರಶ್ನೆಯಲ್ಲಿ ಸುಮ್ನೆ ಬರೆದಿರುವುದಿಲ್ಲ.
– ಭೌತಶಾಸ್ತ್ರ ಉಪನ್ಯಾಸಕಿ, ಸಾಗರ

ತಂಗೀ, ನಾನೂ ಕನ್ನಡ ಮಾಧ್ಯಮದವನೇ. ಇಂಗ್ಲಿಷಿಗೆ ಹೆದರಬೇಡ, ಲೆಕ್ಕಗಳಲ್ಲಿ ಅವೇ ನಾಲ್ಕು ಮಾತು ತಿರುಗಿ ತಿರುಗಿ ಬರುತ್ತವೆ. ‘ಸ್ಮೂತ್’ ಕಂಡರೆ ಘರ್ಷಣೆ ಸೊನ್ನೆ. ‘ಸ್ಟಾರ್ಟ್ಸ್ ಫ್ರಮ್ ರೆಸ್ಟ್’ ಇದ್ದರೆ ಆರಂಭದ ವೇಗ ಸೊನ್ನೆ. ‘ಲೈಟ್ ಸ್ಟ್ರಿಂಗ್’ ಅಂದರೆ ದಾರದ ದ್ರವ್ಯರಾಶಿ ಲೆಕ್ಕಕ್ಕಿಲ್ಲ. ಗಂಟೆಗೆ ಇಷ್ಟು ಕಿ.ಮೀ. ಅಂತ ಕೊಟ್ಟಿದ್ದರೆ 5ರಿಂದ ಗುಣಿಸಿ 18ರಿಂದ ಭಾಗಿಸಿ ಮೊದಲೇ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಮಾಡಿಕೋ.

ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲ ಬಂದ ಹಾಗೇ ಅನ್ನಿಸುತ್ತದೆ ಮಾರಾಯ್ತಿ. ಉತ್ತರ ಮುಚ್ಚಿಟ್ಟು ಕಾಲು ಗಂಟೆ ಒದ್ದಾಡು. ಆಗಲೇ ಇಲ್ಲವಾ, ಒಂದು ಸಾಲು ನೋಡಿ ಮತ್ತೆ ಮುಚ್ಚು. ಮರುದಿನ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡು.
– ಇಂಜಿನಿಯರಿಂಗ್ ವಿದ್ಯಾರ್ಥಿ, ಭದ್ರಾವತಿ

ನಮ್ಮ ಮಗನದ್ದೂ ಇದೇ ಕತೆ. ಶಿವಮೊಗ್ಗಕ್ಕೆ ಕೋಚಿಂಗಿಗೆ ಕಳಿಸಿದೆವು. ಬಸ್ಸಲ್ಲೇ ದಿನ ಕಳೆದು ಲೆಕ್ಕಕ್ಕೆ ಕೂರಲು ಹೊತ್ತೇ ಉಳಿಯುತ್ತಿರಲಿಲ್ಲ. ಈಗ ಅದನ್ನು ಬಿಡಿಸಿದ್ದೇವೆ. ಸಂಜೆ ಪಕ್ಕದ ಮನೆ ಹುಡುಗ ಬರುತ್ತಾನೆ, ಇಬ್ಬರೂ ಜಗಲಿಯಲ್ಲಿ ಕೂರುತ್ತಾರೆ. ಒಬ್ಬ ಲೆಕ್ಕ ಮಾಡಿದರೆ ಇನ್ನೊಬ್ಬ ಸಾಲು ಸಾಲಿಗೂ ‘ಯಾಕೆ?’ ಅಂತ ಕೇಳಬೇಕು. ಜಗಳ ಜಾಸ್ತಿ, ಆದರೂ ಲೆಕ್ಕ ಮುಂದೆ ಹೋಗುತ್ತಿದೆ. ನಿನ್ನ ಊರಲ್ಲೂ ಅಂಥ ಗೆಳತಿ ಯಾರಾದರೂ ಇದ್ದಾರಾ ನೋಡಮ್ಮ.
– ಒಬ್ಬ ತಾಯಿ, ಹೊಸನಗರ