ದಿನಾ ಓಡಿಸೋಕೆ 650ರ ಸ್ಪೋರ್ಟ್ ಬೈಕ್: ಇಟ್ಟುಕೊಂಡಿರುವವರು ಏನಂತೀರಿ?

ಎರಡನೇಗೇರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ 200 ಸಿಸಿ ನೇಕೆಡ್ (ಹೊದಿಕೆ ಇಲ್ಲದ) ಬೈಕ್ ಓಡಿಸಿಕೊಂಡಿದ್ದೆ. ಈಗ ದೊಡ್ಡದಕ್ಕೆ ಹೋಗೋಣ ಅನ್ನಿಸಿದೆ. ಕಣ್ಣು ಬಿದ್ದಿರುವುದು 650 ಸಿಸಿ ಆಸುಪಾಸಿನ, ಪೂರ್ತಿ ಫೇರಿಂಗ್ (ಮೈಮೇಲಿನ ಹೊದಿಕೆ) ಇರುವ ಬೈಕ್‌ಗಳ ಮೇಲೆ. ಸದ್ಯಕ್ಕೆ ತಲೆಯಲ್ಲಿರುವುದು ನಿಂಜಾ 650, ಹೋಂಡಾ ಸಿಬಿಆರ್650ಆರ್, ಯಮಹಾ ಆರ್7. ಏಪ್ರಿಲಿಯಾ ಆರ್‌ಎಸ್ 660 ನೋಡಿದಾಗಲೆಲ್ಲ ಬಾಯಲ್ಲಿ ನೀರೂರುತ್ತದೆ, ಅದು ಬೇರೆ ವಿಷಯ.

ರಿವ್ಯೂಗಳನ್ನು ಸಾಕಷ್ಟು ನೋಡಿದ್ದೇನೆ. ಅವರೆಲ್ಲ ಖಾಲಿ ರಸ್ತೆಯಲ್ಲಿ ನಾಲ್ಕು ಸುತ್ತು ಹೊಡೆದು "ಬೆಂಕಿ ಬೈಕ್" ಅಂತ ಹೇಳಿ ಎದ್ದು ಹೋಗುತ್ತಾರೆ. ನನ್ನ ಓಡಾಟ ಹಾಗಿಲ್ಲ. ವಾರವಿಡೀ ಕೆಲಸಕ್ಕೆ ಹೋಗಿ ಬರುವುದು, ದಾರಿಯಲ್ಲಿ ಸಿಗ್ನಲ್ಲು, ಜಾಮು, ಹಂಪು, ಆಮೇಲೆ ರಜೆ ಸಿಕ್ಕಾಗ ಒಂದು ಉದ್ದನೆಯ ರೈಡ್. ಇದಕ್ಕೆ ಇಂಥ ಬೈಕ್ ಸರಿ ಹೋಗುತ್ತದಾ? ಅಂಗೈ, ಸೊಂಟ ಏನಾಗುತ್ತದೆ? ಇಂಜಿನ್ ಬಿಸಿ ಕಾಲಿಗೆ ಹೊಡೆಯುತ್ತದಾ? ನನ್ನ ಎತ್ತರವೂ ಸ್ವಲ್ಪ ಕಮ್ಮಿ. ದಿನಾ ಓಡಿಸುವವರು ಮಾತ್ರ ಹೇಳಿ, ಪ್ಲೀಸ್. ಕಂಪನಿ ಕಾಗದದಲ್ಲಿ ಇರುವುದು ನನಗೂ ಗೊತ್ತಿದೆ.

ಹಸಿರುಟ್ಯಾಂಕು:

ನಿಂಜಾ 650 ನನ್ನ ಹತ್ತಿರ ಇದೆ, ಬೇರೆ ಗಾಡಿ ಇಲ್ಲ, ಹಾಗಾಗಿ ಮಳೆ ಬಿಸಿಲು ಎಲ್ಲಕ್ಕೂ ಅದೇ.

ಮೊದಲು ಒಂದು ಮಾತು. ಇದು ನೋಡೋಕೆ ರೇಸ್ ಬೈಕು, ಕೂತರೆ ಅಲ್ಲ. ಹ್ಯಾಂಡಲ್ ಕ್ಲಿಪ್‌ಆನ್ (ರೇಸ್ ಬೈಕಿನ ತಗ್ಗಿದ ಹಿಡಿ) ಥರ ಕಾಣಿಸಿದರೂ ಮೇಲಕ್ಕೆ ಎದ್ದಿದೆ, ಬೆನ್ನು ಸ್ವಲ್ಪವೇ ಮುಂದೆ ಬಾಗುತ್ತದೆ ಅಷ್ಟೆ. ಸೀಟು 790 ಮಿ.ಮೀ., ಮುಂಭಾಗದಲ್ಲಿ ಸಪೂರ ಇರುವುದರಿಂದ ನಿಮ್ಮ ಎತ್ತರಕ್ಕೂ ಎರಡು ಕಾಲೂರಬಹುದು. ಸಿಗ್ನಲ್‌ನಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ, ಒಂದು ಕಾಲು ಗುಂಡಿಗೆ ಇಳಿದಾಗ ಗೊತ್ತಾಗುತ್ತದೆ.

ಪವರ್ ಸುಮಾರು 68 ಪಿಎಸ್. ಕಾಗದದ ಮೇಲೆ ಸಿಬಿಆರ್‌ನ 95ರ ಮುಂದೆ ಕಮ್ಮಿ ಅನ್ನಿಸುತ್ತದೆ, ಅಲ್ವಾ? ಆದರೆ ಟಾರ್ಕ್, ಅಂದರೆ ಎಳೆಯುವ ಬಲ, ಎಲ್ಲಿ ಸಿಗುತ್ತದೆ ನೋಡಿ. ಇದರದ್ದು ಆರೂವರೆ ಏಳು ಸಾವಿರ ಆರ್‌ಪಿಎಮ್ ಒಳಗೇ ಪೂರ್ತಿ ಬಂದುಬಿಡುತ್ತದೆ. ಮೂರನೇ ಗೇರಿನಲ್ಲಿ ಹಂಪ್ ದಾಟಿ ಹಾಗೇ ಥ್ರಾಟಲ್ ಕೊಟ್ಟರೆ ಗೊಣಗದೆ ಎಳೆಯುತ್ತದೆ, ಪದೇ ಪದೇ ಗೇರ್ ಇಳಿಸಬೇಕಾಗಿಲ್ಲ. ಕೆಲಸಕ್ಕೆ ಹೋಗಿ ಬರುವವನಿಗೆ ಬೇಕಾಗಿರುವುದು ಇದೇ. ಕ್ಲಚ್ ಕೂಡ ಹಗುರ, 2017ರ ಮಾಡೆಲ್‌ನಿಂದ ಅಸಿಸ್ಟ್ ಸ್ಲಿಪ್ಪರ್ ಕ್ಲಚ್ ಬಂದಿದೆ, ಎರಡು ಬೆರಳು ಸಾಕು.

ಇಷ್ಟ ಆಗದ್ದೂ ಇದೆ. ಸಸ್ಪೆನ್ಷನ್ ಸಾದಾ. ಮುಂದಿನ ಫೋರ್ಕ್‌ನಲ್ಲಿ ಹೊಂದಿಸೋಕೆ ಏನೂ ಇಲ್ಲ, ಹಿಂದೆ ಪ್ರಿಲೋಡ್ (ಸ್ಪ್ರಿಂಗ್ ಬಿಗಿ) ಮಾತ್ರ. ಜೋರಾಗಿ ತಿರುವು ಹೊಡೆಯುವ ಆಸೆ ಇದ್ದವರಿಗೆ ಕೆಲವೇ ತಿಂಗಳಲ್ಲಿ "ಇಷ್ಟೇನಾ" ಅನ್ನಿಸಬಹುದು. ಇಂಜಿನ್ ಸದ್ದೂ ಅಂಥದ್ದೇನಲ್ಲ. ಕಂಪನಿ ಸೈಲೆನ್ಸರ್‌ನಲ್ಲಿ ಮಿಕ್ಸಿ ತಿರುಗಿದ ಹಾಗೆ ಕೇಳಿಸುತ್ತದೆ, ಅಭಿಮಾನಿಗಳು ಬೈಯಬೇಡಿ.

ನಾಲ್ಕುಸಿಲಿಂಡರ್:

ಮೇಲಿನವರ ಮಾತು ಒಪ್ಪಿದೆ, ಆದರೂ ಒಪ್ಪಲ್ಲ.

ನಾನು ಸಿಬಿಆರ್650ಆರ್ ಇಟ್ಟುಕೊಂಡಿದ್ದೇನೆ. ಹೌದು, 95 ಪಿಎಸ್ ಸಿಗುವುದು 12,000 ಆರ್‌ಪಿಎಮ್‌ನಲ್ಲಿ. ಟಾರ್ಕ್ ಪೂರ್ತಿ ಸಿಗಬೇಕಾದರೂ ಒಂಬತ್ತೂವರೆ ಸಾವಿರದ ತನಕ ಹೋಗಬೇಕು. ದಿನದ ಓಡಾಟದಲ್ಲಿ ಯಾರೂ ಅಲ್ಲಿಗೆ ಹೋಗಲ್ಲ. ಸರಿ. ಆದರೆ ಕೆಳಗಡೆ ಇಂಜಿನ್ ಎಷ್ಟು ನಯವಾಗಿರುತ್ತದೆ ಅನ್ನುವುದನ್ನು ಯಾಕೆ ಯಾರೂ ಹೇಳಲ್ಲ? ಇನ್‌ಲೈನ್ ಫೋರ್‌ನಲ್ಲಿ (ಸಾಲಾಗಿ ನಾಲ್ಕು ಸಿಲಿಂಡರ್) ನಾಲ್ಕನೇ ಗೇರಿಗೆ ಹಾಕಿ ಜಾಮ್ ಜೊತೆ ನಿಧಾನಕ್ಕೆ ಹರಿಯಬಹುದು, ಒಂದು ಜರ್ಕ್ ಇಲ್ಲ, ಚೈನ್ ಕಟಕಟ ಅನ್ನಲ್ಲ. ಟ್ವಿನ್‌ನಲ್ಲಿ (ನಿಂಜಾ ಥರ ಎರಡು ಸಿಲಿಂಡರ್) ಅದೇ ವೇಗಕ್ಕೆ ಒಂದು ಗೇರ್ ಇಳಿಸಿ, ಕ್ಲಚ್ ಅರ್ಧ ಹಿಡಿದು ಹೋಗಬೇಕಾಗುತ್ತದೆ. ಪಿಕಪ್ ಬೇಕು ಅನ್ನುವವರು ಟ್ವಿನ್ ತಗೊಳ್ಳಿ, ನಯ ಬೇಕು ಅನ್ನುವವರು ಈ ಕಡೆ ಬನ್ನಿ.

ಓವರ್‌ಟೇಕ್ ಮಾಡುವಾಗ ಮಾತ್ರ ಎರಡು ಗೇರ್ ಇಳಿಸುವ ಅಭ್ಯಾಸ ಆಗಬೇಕು. 200 ಸಿಸಿ ಓಡಿಸಿದವರಿಗೆ ಅದೇನು ಹೊಸದಲ್ಲ. ಇಳಿಸಿ ತಿರುವಿದ ಮೇಲೆ ಎಂಟು ಸಾವಿರದ ಆಚೆ ಬರುವ ಸದ್ದು ಇದೆಯಲ್ಲ, ಅದಕ್ಕೋಸ್ಕರವೇ ನಾನು ಈ ಗಾಡಿ ತಗೊಂಡಿದ್ದು. ಸುಮ್ನೆ ಮೈಲೇಜು, ಟಾರ್ಕು ಅಂತ ಕಾರಣ ಹುಡುಕಲ್ಲ.

ಇನ್ನೊಂದು. 2024ರಿಂದ ಇದಕ್ಕೆ ಇ-ಕ್ಲಚ್ ಬಂದಿದೆ. ಲಿವರ್ ಅಲ್ಲೇ ಇರುತ್ತದೆ, ಆದರೆ ಮುಟ್ಟಬೇಕಾಗಿಲ್ಲ. ನಿಲ್ಲುವಾಗ, ಹೊರಡುವಾಗ, ಗೇರ್ ಬದಲಿಸುವಾಗ ಕ್ಲಚ್ಚನ್ನು ಮೋಟಾರೇ ನೋಡಿಕೊಳ್ಳುತ್ತದೆ. ಆಟೋಮ್ಯಾಟಿಕ್ ಅಂತ ತಿಳಿಯಬೇಡಿ, ಗೇರನ್ನು ನೀವೇ ಕಾಲಲ್ಲಿ ಹಾಕಬೇಕು. ನನ್ನದು ಅದಕ್ಕಿಂತ ಹಳೇ ಮಾಡೆಲ್. ಸ್ನೇಹಿತರದ್ದು ಓಡಿಸಿ ನೋಡಿದೆ. ಜಾಮ್‌ನಲ್ಲಿ ಎಡಗೈಗೆ ಕೆಲಸವೇ ಇಲ್ಲ. ಇಳಿದ ಮೇಲೆ ನನ್ನ ಗಾಡಿ ಹತ್ತೋಕೆ ಬೇಜಾರಾಯಿತು.

ತೂಕ 200 ಕಿಲೋ ದಾಟುತ್ತದೆ. ಪಾರ್ಕಿಂಗ್‌ನಲ್ಲಿ ತಳ್ಳುವಾಗ ಗೊತ್ತಾಗುತ್ತದೆ, ಹೊರಟ ಮೇಲೆ ಗೊತ್ತಾಗಲ್ಲ.

ಬಗ್ಗಿದಬೆನ್ನು:

ಆರ್7 ಓನರ್ ಬಂದೆ, ಜಾಗ ಬಿಡಿ.

ಇಂಜಿನ್ ಬಗ್ಗೆ ಎರಡು ಮಾತಿಲ್ಲ. ಯಮಹಾದ್ದೇ ನೇಕೆಡ್ ಬೈಕ್ ಎಂಟಿ-07ರಲ್ಲಿ ಇರುವ ಅದೇ 689 ಸಿಸಿ ಟ್ವಿನ್, 270 ಡಿಗ್ರಿ ಕ್ರ್ಯಾಂಕು (ಎರಡು ಪಿಸ್ಟನ್ ಸಮ ಲಯದಲ್ಲಿ ಬಡಿಯಲ್ಲ). ಕೆಳಗಿನಿಂದಲೇ ದಬದಬ ಅಂತ ಎಳೆಯುತ್ತದೆ. ತೂಕ 188 ಕಿಲೋ, ಮುಂದಿನ ಫೋರ್ಕ್ ಪೂರ್ತಿ ಹೊಂದಿಸಿಕೊಳ್ಳಬಹುದು, ತಿರುವಿನಲ್ಲಿ ನೋಡಿದ ಕಡೆ ತಿರುಗುತ್ತದೆ.

ಆದರೆ ನೀವು ಕೇಳಿದ್ದು ದಿನದ ಓಡಾಟ. ಅಲ್ಲಿ ನಿಜ ಹೇಳಬೇಕು. ಕ್ಲಿಪ್‌ಆನ್ ನಿಜಕ್ಕೂ ಕೆಳಗಿದೆ, ಫುಟ್‌ಪೆಗ್ ಮೇಲಿದೆ, ಸೀಟು 835 ಮಿ.ಮೀ. ವೇಗದಲ್ಲಿ ಹೋಗುವಾಗ ಎದೆಗೆ ಬಡಿಯುವ ಗಾಳಿಯೇ ಮೈಭಾರ ಹೊರುತ್ತದೆ, ಅಂಗೈ ಹಗುರ. ಮೂವತ್ತು ನಲವತ್ತರ ವೇಗದಲ್ಲಿ ಆ ಗಾಳಿ ಇಲ್ಲ. ಭಾರವೆಲ್ಲ ಅಂಗೈ ಮೇಲೆ. ಹೆಬ್ಬೆರಳ ಬುಡದಲ್ಲಿ ಜೋಮು ಹಿಡಿಯುವುದು ಅಲ್ಲಿಂದ ಶುರು.

ಮೇಲಿನಿಂದ ಅದುಮಿ ಹಿಡಿಯುವವರಿಗೆ ನೋವು ಜಾಸ್ತಿ. ಎರಡು ಮಂಡಿಯಿಂದ ಟ್ಯಾಂಕನ್ನು ಗಟ್ಟಿಯಾಗಿ ಹಿಡಿಯಿರಿ, ಹೊಟ್ಟೆ ಬಿಗಿ ಇರಲಿ, ಮೊಣಕೈ ಸ್ವಲ್ಪ ಮಡಚಿರಲಿ, ಮುಂಗೈ ರಸ್ತೆಗೆ ಸಮ ಬರುವ ಹಾಗೆ ಬಗ್ಗಿ. ಬ್ರೇಕ್ ಹಿಡಿದಾಗ ಮೈ ಮುಂದಕ್ಕೆ ಜಾರಿದರೆ ಮಂಡಿ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. ಟ್ಯಾಂಕ್ ಪಕ್ಕಕ್ಕೆ ರಬ್ಬರ್ ಗ್ರಿಪ್ ಅಂಟಿಸಿಕೊಂಡರೆ ಅರ್ಧ ನೋವು ಹೋಗುತ್ತದೆ. ಬ್ರೇಕ್, ಕ್ಲಚ್ ಲಿವರ್‌ಗಳನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿಕೊಳ್ಳಿ, ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರಬೇಕು. ಅದಕ್ಕೆ ಒಂದು ಅಲೆನ್ ಕೀ ಸಾಕು, ಎಷ್ಟೋ ಜನ ಇದನ್ನು ಮುಟ್ಟಿಯೇ ಇರಲ್ಲ.

ಯೂ ಟರ್ನ್ ಬಗ್ಗೆಯೂ ಯಾರೂ ಹೇಳಲ್ಲ. ಕ್ಲಿಪ್‌ಆನ್ ಬೈಕ್‌ನಲ್ಲಿ ಹ್ಯಾಂಡಲ್ ಜಾಸ್ತಿ ತಿರುಗಲ್ಲ, ಇನ್ನೂ ತಿರುಗಿಸೋಣ ಅಂದರೆ ಕೈ ಟ್ಯಾಂಕಿಗೆ ತಗಲುತ್ತದೆ. ಸಣ್ಣ ರಸ್ತೆಯಲ್ಲಿ ಒಂದೇ ಏಟಿಗೆ ತಿರುಗಿಸೋಕೆ ಆಗದೆ, ಹಿಂದೆ ಮುಂದೆ ಮಾಡುತ್ತಾ ನಿಂತಾಗ ಹಿಂದಿನ ಸ್ಕೂಟರ್‌ನವರು ಹಾರ್ನ್ ಹೊಡೆಯುತ್ತಾರೆ.

ಇಷ್ಟೆಲ್ಲ ಹೇಳಿದರೂ ನಾನು ಮಾರಲ್ಲ.

ಎರಡನೇಗೇರು:

ತುಂಬಾ ಥ್ಯಾಂಕ್ಸ್. ಆರ್7 ಓನರ್ ಅವರ ಪೋಸ್ಟ್ ಓದಿ ಒಂದು ಹೆಸರು ಹೊಡೆದು ಹಾಕಿದೆ, ಮನಸ್ಸಿಲ್ಲದ ಮನಸ್ಸಿನಿಂದ. ಬಿಸಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಹಿಂದೆ ಮನೆಯವರು ಕೂರುತ್ತಾರೆ, ದಿನಾ ಅಲ್ಲ, ಯಾವಾಗಲಾದರೂ. ಸೆಕೆಂಡ್‌ಹ್ಯಾಂಡ್ 600 ಸೂಪರ್‌ಸ್ಪೋರ್ಟ್ (ಟ್ರ್ಯಾಕ್ ರೇಸಿನ ಥರದ ಬೈಕು) ಒಂದು ಸಿಗುವ ಹಾಗಿದೆ, ಸ್ನೇಹಿತನೊಬ್ಬ ಅದನ್ನೇ ತಗೋ ಅಂತ ತಲೆ ತಿನ್ನುತ್ತಿದ್ದಾನೆ. ಏನಂತೀರಿ?

ಹಳೇಗ್ರೀಸು:

ಆ ಸ್ನೇಹಿತ ದಿನಾ ಅದನ್ನು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾನಾ ಕೇಳಿ ನೋಡಿ.

600 ಸೂಪರ್‌ಸ್ಪೋರ್ಟ್ ಬೇರೆ ಜಾತಿ. ಉದಾಹರಣೆಗೆ ಯಮಹಾ ಆರ್6 ನೋಡಿ, ಪೂರ್ತಿ ಪವರ್ ಸಿಗುವುದು 14,500 ಆರ್‌ಪಿಎಮ್‌ನಲ್ಲಿ, ಸೀಟು 850 ಮಿ.ಮೀ. ಮೊದಲ ಗೇರಿನಲ್ಲೇ ಗಂಟೆಗೆ 100 ಕಿ.ಮೀ. ದಾಟುವಷ್ಟು ಉದ್ದನೆಯ ಗೇರು. ಅಂದರೆ ಜಾಮ್‌ನಲ್ಲಿ ಮೊದಲ ಗೇರಿಗೂ ಕ್ಲಚ್ ಜಾರಿಸುತ್ತಾ ಇರಬೇಕು. ಟ್ರ್ಯಾಕಿಗೆ ಅದರಂಥ ಗಾಡಿ ಇನ್ನೊಂದಿಲ್ಲ. ದಿನದ ಓಡಾಟಕ್ಕೆ ಅದು ಶಿಕ್ಷೆ. ಇನ್ನು ಸೆಕೆಂಡ್‌ಹ್ಯಾಂಡ್ ಅಂದರೆ ಹಿಂದಿನವರು ಹೇಗೆ ತಿರುವಿದ್ದಾರೋ ದೇವರಿಗೇ ಗೊತ್ತು.

ಬಿಸಿ ವಿಷಯ. ಫೇರಿಂಗ್ ಇರುವ ಎಲ್ಲ ಬೈಕೂ ಬಿಸಿಯೇ, ಬ್ರ್ಯಾಂಡ್ ಯಾವುದಾದರೂ ಸರಿ. ಓಡುತ್ತಿರುವಾಗ ಗಾಳಿ ರೇಡಿಯೇಟರ್ ದಾಟಿ ಪಕ್ಕದಿಂದ ಹೊರಗೆ ಹೋಗುತ್ತದೆ, ಏನೂ ಗೊತ್ತಾಗಲ್ಲ. ನಿಂತಾಗ ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ನೂರು ಡಿಗ್ರಿ ಸುತ್ತಮುತ್ತ ಬಂದರೆ ಫ್ಯಾನ್ ಶುರು ಆಗುತ್ತದೆ, ಆ ಬಿಸಿಗಾಳಿ ನೇರ ಮೊಣಕಾಲಿಗೆ, ತೊಡೆಗೆ. ಟ್ವಿನ್‌ನಲ್ಲಿ ಸ್ವಲ್ಪ ಕಮ್ಮಿ, ನಾಲ್ಕು ಸಿಲಿಂಡರ್‌ನಲ್ಲಿ ಸ್ವಲ್ಪ ಜಾಸ್ತಿ. ಫ್ಯಾನ್ ತಿರುಗಿತು ಅಂತ ಹೆದರಬೇಡಿ, ಅದು ಇರುವುದೇ ಅದಕ್ಕೆ. ಉದ್ದ ಸಿಗ್ನಲ್ ಇದ್ದರೆ ಇಂಜಿನ್ ಆಫ್ ಮಾಡಿ. ತೆಳು ಪ್ಯಾಂಟ್ ಬಿಟ್ಟು ರೈಡಿಂಗ್ ಪ್ಯಾಂಟ್ ಹಾಕಿದರೆ ಕಾಲಿಗೆ ಅಷ್ಟು ತಟ್ಟಲ್ಲ. ಕೂಲಂಟ್‌ಗೆ ಬದಲು ನಲ್ಲಿ ನೀರು ತುಂಬುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಹಿಂದೆ ಕೂರುವವರ ಬಗ್ಗೆ: ಈ ಯಾವ ಬೈಕಲ್ಲೂ ಹಿಂದಿನ ಸೀಟು ಸೀಟಲ್ಲ, ಒಂದು ತುಂಡು ಸ್ಪಂಜು. ಇದ್ದಿದ್ದರಲ್ಲಿ ನಿಂಜಾ, ಸಿಬಿಆರ್ ವಾಸಿ. ಒಂದು ದಿನ ಮನೆಯವರನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ.

ಟೈರ್ ಬಗ್ಗೆ ಒಂದು ಮಾತು, ಕೇಳದೇ ಇದ್ದರೂ ಹೇಳುತ್ತೇನೆ. ದಿನದ ಓಡಾಟಕ್ಕೆ ಟ್ರ್ಯಾಕ್ ಟೈರ್ ಹಾಕಿಸಬೇಡಿ. ಅವು ಬಿಸಿ ಆದ ಮೇಲೆ ಮಾತ್ರ ಹಿಡಿಯುತ್ತವೆ, ಜಾಮ್‌ನಲ್ಲಿ ಬಿಸಿಯೇ ಆಗಲ್ಲ. ಮಿಷೆಲಿನ್ ರೋಡ್ 6, ಪಿರೆಲ್ಲಿ ಏಂಜಲ್ ಜಿಟಿ 2 ಥರದ ಸ್ಪೋರ್ಟ್ ಟೂರಿಂಗ್ ಟೈರ್ ಹಾಕಿಸಿ. ಒದ್ದೆ ರಸ್ತೆಯಲ್ಲಿ ಧೈರ್ಯ, ಬಾಳಿಕೆಯೂ ಜಾಸ್ತಿ. ನಿಂಜಾಗೆ ಹಿಂದೆ 160 ಸೈಜು, ಮಿಕ್ಕವಕ್ಕೆ 180. ಅಗಲ ಇದ್ದರೆ ಚೆಂದ ಅಂತ ನಿಂಜಾಗೆ 180 ತುರುಕುವವರಿದ್ದಾರೆ. ರಿಮ್ 160ರ ಅಳತೆಯದ್ದು, ಅದಕ್ಕೆ 180 ಹಾಕಿದರೆ ಟೈರ್ ಆಕಾರ ಕೆಟ್ಟು ಬೈಕ್ ವಾಲಿಸುವುದು ಭಾರ ಆಗುತ್ತದೆ.

ನಾಲ್ಕುಸಿಲಿಂಡರ್:

ಸಿಬಿಆರ್ ಹಿಂದಿನ ಸೀಟು ವಾಸಿ ಅಂದಿದ್ದು ನನ್ನ ಹೆಂಡತಿಗೆ ಓದಿ ಹೇಳಿದೆ. ನಕ್ಕರು. ಅಷ್ಟೇ.

ಹಸಿರುಟ್ಯಾಂಕು:

ನಿಮ್ಮ ಪಟ್ಟಿಯಲ್ಲಿ ಎರಡು ಬಿಟ್ಟುಹೋಗಿವೆ. ಸುಜುಕಿ ಜಿಎಸ್‌ಎಕ್ಸ್-8ಆರ್ ಇದೆ, 776 ಸಿಸಿ ಟ್ವಿನ್. ಹ್ಯಾಂಡಲ್ ಎತ್ತರ, ಕೂರೋಕೆ ಆರಾಮ, ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸೌಲಭ್ಯ) ಜೊತೆಗೇ ಬರುತ್ತದೆ. ಟ್ರಯಂಫ್ ಡೇಟೋನಾ 660 ಕೂಡ 2024ರಲ್ಲಿ ಬಂತು, ಮೂರು ಸಿಲಿಂಡರು, 95 ಪಿಎಸ್. ಟ್ವಿನ್‌ನ ಎಳೆತವೂ ಬೇಕು, ನಾಲ್ಕರ ನಯವೂ ಬೇಕು ಅನ್ನುವವರಿಗೆ ಮಧ್ಯದ ದಾರಿ. ನಾನು ಓಡಿಸಿದ್ದು ಸ್ವಲ್ಪ ದೂರ ಮಾತ್ರ. ಆದರೆ ಮೂರು ಸಾವಿರದಿಂದಲೇ ಎಳೆಯುವ ಇಂಜಿನ್ ಅನ್ನುವುದು ಅಷ್ಟರಲ್ಲೇ ಗೊತ್ತಾಯಿತು.

ಬಗ್ಗಿದಬೆನ್ನು:

ಟೆಸ್ಟ್ ರೈಡ್‌ಗೆ ಹೋದಾಗ ಖಾಲಿ ರಸ್ತೆ ಹುಡುಕಿಕೊಂಡು ಹೋಗಬೇಡಿ ಎರಡನೇಗೇರು ಅವರೇ. ಸಂಜೆ ಜಾಮ್ ಇರುವ ಹೊತ್ತಿಗೇ ಹೋಗಿ. ಸಣ್ಣ ರಸ್ತೆಯಲ್ಲಿ ಒಂದು ಯೂ ಟರ್ನ್ ಹೊಡೆಯಿರಿ. ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿ, ಹಿಂದಕ್ಕೆ ಕಾಲಲ್ಲೇ ತಳ್ಳೋಕೆ ಆಗುತ್ತದಾ ನೋಡಿ. ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣಿಸುತ್ತದಾ, ನಿಮ್ಮ ಮೊಣಕೈ ಮಾತ್ರ ಕಾಣಿಸುತ್ತದಾ? ಫ್ಯಾನ್ ಶುರು ಆಗುವ ತನಕ ವಾಪಸ್ ಕೊಡಬೇಡಿ. ಶೋರೂಮಿನವರು ಫೋನ್ ಮಾಡುತ್ತಾರೆ, ಮಾಡಲಿ.

ಎರಡನೇಗೇರು:

ನಿಂಜಾ ಮತ್ತು ಸಿಬಿಆರ್ ಎರಡಕ್ಕೂ ಸಂಜೆ ಆರಕ್ಕೆ ಟೆಸ್ಟ್ ರೈಡ್ ಹೇಳಿದ್ದೇನೆ. "ಸರ್, ಬೆಳಗ್ಗೆ ಬನ್ನಿ, ಟ್ರಾಫಿಕ್ ಇರಲ್ಲ" ಅಂತ ಎರಡೂ ಕಡೆ ಹೇಳಿದರು. ಬೇಡ ಅಂದೆ. ಡೇಟೋನಾ ಸಿಕ್ಕರೆ ಅದನ್ನೂ ನೋಡುತ್ತೇನೆ. ಇನ್ನೊಂದು ಪ್ರಶ್ನೆ, ಈ ಬೈಕ್‌ಗಳಿಗೆ ಸೆಂಟರ್ ಸ್ಟ್ಯಾಂಡ್ ಇರಲ್ಲ ಅಲ್ವಾ, ಚೈನ್ ಕ್ಲೀನ್ ಹೇಗೆ ಮಾಡುತ್ತೀರಿ?

ಹಳೇಗ್ರೀಸು:

ಪ್ಯಾಡಾಕ್ ಸ್ಟ್ಯಾಂಡ್ ತಗೊಳ್ಳಿ, ಬೈಕ್ ಜೊತೆಗೇ. ಹಿಂದಿನ ಚಕ್ರ ಎತ್ತಿ, ಇಂಜಿನ್ ಆಫ್ ಮಾಡಿ, ಕೈಯಲ್ಲಿ ತಿರುಗಿಸುತ್ತಾ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ ಮೆದು ಬ್ರಷ್‌ನಲ್ಲಿ ಉಜ್ಜಿ. ಪೆಟ್ರೋಲ್ ಬೇಡ, ಚೈನ್ ಒಳಗಿನ ರಬ್ಬರ್ ಓ-ರಿಂಗ್ ಹಾಳಾಗುತ್ತದೆ. ಒರೆಸಿ, ಒಣಗಿದ ಮೇಲೆ ಲ್ಯೂಬ್ ಒಳಗಿನ ಕಡೆಯಿಂದ ಹೊಡೆಯಿರಿ, ಚಕ್ರ ತಿರುಗಿದಾಗ ತಾನಾಗಿಯೇ ಹೊರಗೆ ಹರಡುತ್ತದೆ. ರಾತ್ರಿ ಮಾಡಿ ಬಿಟ್ಟರೆ ಬೆಳಗ್ಗೆ ರಿಮ್‌ಗೆ ಸಿಡಿಯಲ್ಲ. ಮಳೆಯಲ್ಲಿ ನೆನೆದು ಬಂದ ದಿನ ತಪ್ಪದೆ ಮಾಡಿ. ಗೇರ್ ಹಾಕಿ, ಇಂಜಿನ್ ಚಾಲೂ ಇಟ್ಟು ಚೈನ್ ಒರೆಸುವ ವಿಡಿಯೋಗಳಿವೆ, ಅವನ್ನು ನೋಡಿ ಕಲಿಯಬೇಡಿ. ಬಟ್ಟೆ ಸಿಕ್ಕಿಕೊಂಡರೆ ಹಿಂದೆಯೇ ಬೆರಳು ಹೋಗುತ್ತದೆ.